ವಿದುರಾಶ್ವತ್ಥದ ನೆಲದಲ್ಲಿ ಬಲವಂತದ ದೇಶಭಕ್ತಿ ಬೇಡ



ಈ ವಾರ ಮುಸುಕಿನ ಜೋಳದ ಸೈನಿಕ ಹುಳು ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಸುಳಿಯಲ್ಲಿ ಹಿಕ್ಕೆ ಕಂಡವರು ಮಾತ್ರ ನನ್ನ ಬರಹಕ್ಕೆ ಕಾಯಬೇಡಿ, ಸಂಜೆ ಹೊತ್ತು ಸುಳಿಯೊಳಕ್ಕೆ ಬೀಳೋ ಹಾಗೆ ಔಷಧಿ ಹೊಡೀರಿ. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕಡೆಯ ಒಂದು ಸರ್ಕಾರಿ ಶಾಲೆ, ಹೆಸರು ಬೇಡ. ಅಲ್ಲಿ ಏಳನೇ ಕ್ಲಾಸಿನ ಒಂದು ಮಗು ಬೆಳಗಿನ ಪ್ರಾರ್ಥನೆ ಹೊತ್ತಲ್ಲಿ ರಾಷ್ಟ್ರಗೀತೆ ಹಾಡೋದಿಲ್ಲ. ಎಲ್ಲರ ಜೊತೆ ಸಾಲಲ್ಲಿ ನೆಟ್ಟಗೆ ನಿಲ್ಲುತ್ತೆ, ಕೈ ಕೆಳಗೆ ಬಿಟ್ಟಿರುತ್ತೆ, ಗಲಾಟೆ ಇಲ್ಲ, ನಗು ಇಲ್ಲ. ತುಟಿ ಮಾತ್ರ ಅಲ್ಲಾಡೋದಿಲ್ಲ. ದೇವರನ್ನ ಬಿಟ್ಟು ಬೇರೆ ಯಾವುದನ್ನೂ ಹಾಡಿ ಹೊಗಳಬಾರದು ಅನ್ನೋದು ಆ ಮನೆಯವರ ನಂಬಿಕೆ ಅಂತೆ. ಇಷ್ಟು ದಿನ ಮೇಷ್ಟ್ರುಗಳಿಗೂ ಗೊತ್ತಿತ್ತು, ಯಾರಿಗೂ ತೊಂದರೆ ಆಗಿರಲಿಲ್ಲ. ಈಗ ಆಗಸ್ಟ್ 15ರ ತಾಲೀಮು ನಡೀವಾಗ ಯಾರೋ ಫೋನಲ್ಲಿ ವಿಡಿಯೋ ಮಾಡಿ ಊರಿನ ಗ್ರೂಪಿಗೆ ಹಾಕಿದಾರೆ. ಅವತ್ತಿಂದ ಶುರು. "ಮಾಫಿ ಕೇಳಿಸಿ" ಅಂತ ಒಬ್ಬರು, "ಟಿಸಿ ಕೊಟ್ಟು ಕಳಿಸಿ" ಅಂತ ಇನ್ನೊಬ್ಬರು. ಶನಿವಾರ ಎಸ್‌ಡಿಎಂಸಿ ಸಭೆ ಇದೆ, ಅಲ್ಲಿ ತೀರ್ಮಾನ ಆಗಬೇಕು ಅಂತಿದಾರೆ.

ಡೇರಿಗೆ ಹಾಲು ಹಾಕೋಕೆ ಹೋದಾಗ ನಾಲ್ಕು ಜನ "ನೀನೇನಂತೀಯಣ್ಣ?" ಅಂದ್ರು. ಕ್ಯಾನು ಕೈಯಲ್ಲಿ ಹಿಡ್ಕೊಂಡು ಅರ್ಧ ಮಾತಾಡಿ ಬರೋ ವಿಷಯ ಅಲ್ಲ ಇದು. ಅದಕ್ಕೆ ಬರೀತಿದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆ ಮಗು ಸುಮ್ಮನೆ ನಿಂತರೆ ನಿಲ್ಲಲಿ. ಅದನ್ನ ಶಾಲೆ ಬಿಡಿಸೋ ಮಾತು ಯಾರ ಬಾಯಲ್ಲೂ ಬರಬಾರದು. ರಾಷ್ಟ್ರಗೀತೆ ಬೇಡ ಅನ್ನೋನಲ್ಲ ನಾನು. ಎಲ್ಲಿ ಕೇಳಿದರೂ ಎದ್ದು ನಿಲ್ತೀನಿ, ಶ್ರುತಿ ಇಲ್ಲದಿದ್ದರೂ ಗಟ್ಟಿಯಾಗಿ ಹಾಡ್ತೀನಿ. ಹಾಡೋನಾಗಿಯೇ ಈ ಮಾತು ಹೇಳ್ತಿದೀನಿ.

ಬೇರೆ ತಾಲ್ಲೂಕಿನವರು ಹೇಗಾದರೂ ಯೋಚನೆ ಮಾಡಲಿ, ಗೌರಿಬಿದನೂರಿನವರು ಮಾತ್ರ ವಿದುರಾಶ್ವತ್ಥವನ್ನ ಮರೆತು ಈ ವಿಷಯ ಮಾತಾಡೋಕೆ ಆಗಲ್ಲ. ಕಥೆ ನಿಮಗೆಲ್ಲ ಗೊತ್ತು, ಆದರೂ ಒಂದು ಸಲ ನೆನಪು ಮಾಡ್ತೀನಿ. 1938ರ ಏಪ್ರಿಲ್ 25. ಜಾತ್ರೆ ಸಮಯ. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ನಮ್ಮಲ್ಲೂ ಬಾವುಟ ಹಾರಿಸಬೇಕು ಅಂತ ಎನ್.ಸಿ. ನಾಗಯ್ಯರೆಡ್ಡಿ, ಎನ್.ಸಿ. ತಿಮ್ಮಾರೆಡ್ಡಿ ಅವರಂಥವರು ಜನ ಸೇರಿಸಿದ್ದರು. ಮೈಸೂರು ಸರ್ಕಾರ ಬಾವುಟಕ್ಕೂ ಸಭೆಗೂ ನಿಷೇಧ ಹಾಕಿತ್ತು. ಜನ ಕೇಳಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ 32. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಹೆಸರು ಬಂದಿದ್ದು ಹಾಗೆ. ಅವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಹೊಲದ ಕೆಲಸ ಮಾಡ್ಕೊಂಡು ಜಾತ್ರೆಗೆ ಬಂದಿದ್ದ ಜನ.

ಆಮೇಲೆ ಸರ್ದಾರ್ ಪಟೇಲರು, ಕೃಪಲಾನಿಯವರು ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ಆಯ್ತು. ಮೈಸೂರು ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ಮಿರ್ಜಾ–ಪಟೇಲ್ ಒಪ್ಪಂದ ಅಂತಾರಲ್ಲ, ಅದೇ.

ಈಗ ಯೋಚನೆ ಮಾಡಿ. ಅವತ್ತಿನ ಸರ್ಕಾರದ ಕಣ್ಣಲ್ಲಿ ರಾಜನಿಷ್ಠೆ ಅಂದರೆ ಸಂಸ್ಥಾನದ ಬಾವುಟಕ್ಕೆ ನಮಸ್ಕಾರ, "ಕಾಯೌ ಶ್ರೀ ಗೌರಿ" ಹಾಡು. ಅದರಲ್ಲಿ ತಪ್ಪೇನೂ ಇಲ್ಲ. ನಾಲ್ವಡಿಯವರ ಮೇಲೆ ನಮ್ಮ ತಾತಂದಿರಿಗೆ ಭಕ್ತಿ ಇತ್ತು, ನಮಗೂ ಇದೆ. ಆದರೆ ಜನರ ಕೈಯಲ್ಲಿ ಯಾವ ಬಾವುಟ ಇರಬೇಕು, ಬಾಯಲ್ಲಿ ಯಾವ ಘೋಷಣೆ ಇರಬೇಕು ಅಂತ ಸರ್ಕಾರ ಅಪ್ಪಣೆ ಮಾಡೋಕೆ ಹೊರಟಿತು. ಅದು ನಿನ್ನ ಕೆಲಸ ಅಲ್ಲ ಅಂತ ಹೇಳಿದ್ದಕ್ಕೆ ನಮ್ಮವರು ಗುಂಡು ತಿಂದರು. ಬಾವುಟ ಹಾರಿಸಬೇಡ ಅಂತ ಹೆದರಿಸೋದೂ, ಹಾಡಲೇಬೇಕು ಅಂತ ಹೆದರಿಸೋದೂ ಹೊರಗಿಂದ ನೋಡಿದರೆ ಬೇರೆ ಬೇರೆ. ಹೆದರಿಸೋ ಕೈ ಮಾತ್ರ ಒಂದೇ. ವೀರಸೌಧದಲ್ಲಿ ಹೆಸರು ಕೆತ್ತಿಸಿಕೊಂಡವರ ಊರಿನವರು ನಾವು, ಒಂದು ಮಗುವಿನ ತುಟಿ ಅಲ್ಲಾಡಲಿಲ್ಲ ಅಂತ ಅದರ ಟಿಸಿ ಬರೆಸೋಕೆ ನಿಂತರೆ ಹೇಗಿರುತ್ತೆ?

ಇದು ಬರೀ ಭಾವನೆ ಮಾತು ಅನ್ನಬೇಡಿ, ಕಾನೂನೂ ಹೀಗೇ ಇದೆ. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಪರಿಚಯದ ವಕೀಲರೊಬ್ಬರ ಹತ್ರ ಕೂತು ತೀರ್ಪನ್ನ ಕನ್ನಡದಲ್ಲಿ ಹೇಳಿಸಿಕೊಂಡು ಬರೀತಿದೀನಿ.

ಇಂಥದ್ದೇ ಪ್ರಕರಣ ಕೇರಳದಲ್ಲಿ ಆಗಿತ್ತು. 1985ರ ಜುಲೈ ತಿಂಗಳು, ಕೊಟ್ಟಾಯಂ ಜಿಲ್ಲೆಯ ಕಿಡಂಗೂರು. ಒಂದೇ ಮನೆಯ ಮೂರು ಮಕ್ಕಳು, ಹತ್ತು, ಒಂಬತ್ತು, ಐದನೇ ಕ್ಲಾಸಿನವರು. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದ ಕುಟುಂಬ. ರಾಷ್ಟ್ರಗೀತೆಗೆ ಎದ್ದು ನಿಲ್ತಿದ್ದರು, ಹಾಡ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಒಬ್ಬ ಶಾಸಕರು ಅದನ್ನ ನೋಡಿ ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆಗೆ ಆಯೋಗ ಬಂತು. ಮಕ್ಕಳು ಒಳ್ಳೆಯವರು, ರಾಷ್ಟ್ರಗೀತೆಗೆ ಅಗೌರವ ತೋರಿಸಿಲ್ಲ ಅಂತಲೇ ಆಯೋಗ ವರದಿ ಕೊಟ್ಟಿತು. ಆದರೂ ಶಿಕ್ಷಣ ಇಲಾಖೆ ಅಧಿಕಾರಿ ಹೇಳಿದರು ಅಂತ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟಲ್ಲಿ ಸೋಲಾಯ್ತು. ಸುಪ್ರೀಂ ಕೋರ್ಟಿಗೆ ಹೋದರು.

1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ತೀರ್ಪು ಕೊಟ್ಟರು. ಬಿಜೋ ಎಮ್ಯಾನ್ಯುಯೆಲ್ ವಿರುದ್ಧ ಕೇರಳ ರಾಜ್ಯ ಅಂತ ಪ್ರಕರಣದ ಹೆಸರು. ರಾಷ್ಟ್ರಗೀತೆ ಹಾಡಲೇಬೇಕು ಅನ್ನೋ ಕಾನೂನು ದೇಶದಲ್ಲಿ ಇಲ್ಲ. ಗೌರವದಿಂದ ಎದ್ದು ನಿಂತರೆ ಅದೇ ಗೌರವ, ಹಾಡದೇ ಇದ್ದ ಮಾತ್ರಕ್ಕೆ ಅವಮಾನ ಆಗಲ್ಲ. ಸಂವಿಧಾನದ 19ನೇ ವಿಧಿಯ ಮಾತಿನ ಸ್ವಾತಂತ್ರ್ಯ, 25ನೇ ವಿಧಿಯ ನಂಬಿಕೆಯ ಸ್ವಾತಂತ್ರ್ಯ ಆ ಮಕ್ಕಳಿಗೂ ಇದೆ. ಇಲಾಖೆಯ ಬರೀ ಸುತ್ತೋಲೆಯಿಂದ ಅದನ್ನ ಕಿತ್ತುಕೊಳ್ಳೋಕೆ ಆಗಲ್ಲ. ಮಕ್ಕಳನ್ನ ವಾಪಸ್ ಸೇರಿಸಿಕೊಳ್ಳಿ. ತೀರ್ಪಿನ ಸಾರಾಂಶ ಇಷ್ಟು. ಮಾತಾಡೋ ಹಕ್ಕಿನ ಒಳಗೇ ಸುಮ್ಮನಿರೋ ಹಕ್ಕೂ ಇದೆ ಅಂತ ನಾನು ಅರ್ಥ ಮಾಡ್ಕೊಂಡಿದ್ದು.

ಇದಕ್ಕೆ ಜೋಡಿ ಇನ್ನೊಂದು ತೀರ್ಪಿದೆ. ಮೊದಲೆಲ್ಲ ಸಾಮಾನ್ಯ ಜನ ವರ್ಷಪೂರ್ತಿ ಬಾವುಟ ಹಾರಿಸೋ ಹಾಗಿರಲಿಲ್ಲ. ನವೀನ್ ಜಿಂದಾಲ್ ಕೋರ್ಟಿಗೆ ಹೋದರು. 2004ರ ಜನವರಿ 23ರಂದು ಸುಪ್ರೀಂ ಕೋರ್ಟು, ಗೌರವದಿಂದ ರಾಷ್ಟ್ರಧ್ವಜ ಹಾರಿಸೋದು ಪ್ರಜೆಯ ಅಭಿವ್ಯಕ್ತಿ ಸ್ವಾತಂತ್ರ್ಯ ಅಂತು. ವಿದುರಾಶ್ವತ್ಥದಲ್ಲಿ ನಮ್ಮವರು ಕೇಳಿದ್ದು ಇದನ್ನೇ, 66 ವರ್ಷ ಮೊದಲು. ಎರಡು ತೀರ್ಪೂ ನಿಂತಿರೋದು ಅದೇ 19ನೇ ವಿಧಿ ಮೇಲೆ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಸಾಡೋಕೆ ಬರಲ್ಲ.

ಹಾಗಂತ ಯಾರು ಏನು ಬೇಕಾದರೂ ಮಾಡಬಹುದು ಅಂತಲ್ಲ. ರಾಷ್ಟ್ರಗೌರವಕ್ಕೆ ಅವಮಾನ ತಡೆಯೋ 1971ರ ಕಾಯ್ದೆ ಇದೆ. ಹಾಡುವವರನ್ನ ಬೇಕಂತಲೇ ತಡೆದರೆ, ಹಾಡ್ತಿರೋ ಸಭೆಯಲ್ಲಿ ಗಲಾಟೆ ಎಬ್ಬಿಸಿದರೆ ಮೂರು ವರ್ಷದವರೆಗೆ ಜೈಲು. ಅದು ಸರಿಯೇ. ಹಾಡೋನನ್ನ ತಡೆಯಬಾರದು, ಹಾಡದೆ ನಿಂತವನನ್ನ ಹಿಂಸೆ ಮಾಡಬಾರದು. ನಮ್ಮ ಶಾಲೆ ಮಗು ಯಾರನ್ನೂ ತಡೆದಿಲ್ಲ.

ಇನ್ನು ಟಿಸಿ ವಿಷಯ. ಎಸ್‌ಡಿಎಂಸಿ ಸದಸ್ಯರು ಇದನ್ನ ಬರೆದಿಟ್ಟುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯೋ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ. 17ನೇ ಸೆಕ್ಷನ್ ಪ್ರಕಾರ ಹೊಡೆಯೋ ಹಾಗೂ ಇಲ್ಲ, ಮಾನಸಿಕ ಹಿಂಸೆ ಕೊಡೋ ಹಾಗೂ ಇಲ್ಲ. ಏಳನೇ ಕ್ಲಾಸಿನ ಮಗುವನ್ನ ಎಲ್ಲರೆದುರು ನಿಲ್ಲಿಸಿ ಮಾಫಿ ಕೇಳಿಸೋದು ಮಾನಸಿಕ ಹಿಂಸೆ ಅಲ್ಲದೆ ಇನ್ನೇನು? ಸಭೆಯಲ್ಲಿ ಕೈ ಎತ್ತಿದವರು ಮನೆಗೆ ಹೋಗ್ತಾರೆ, ನಾಳೆ ಉತ್ತರ ಕೊಡಬೇಕಾದವರು ಹೆಡ್‌ಮಾಸ್ಟ್ರು.

ನಾನು ಒಂದು ಪಕ್ಷದ ಮೇಲೆ ಬರೀತಿದೀನಿ ಅಂತ ಅಂದ್ಕೋಬೇಡಿ. ಎಲ್ಲಾ ಸರ್ಕಾರಕ್ಕೂ ಈ ಚಟ ಇದೆ. 2022ರ ಆಗಸ್ಟ್‌ನಲ್ಲಿ ಆಗಿನ ಬಿಜೆಪಿ ಸರ್ಕಾರ ಎಲ್ಲಾ ಶಾಲೆ, ಪಿಯು ಕಾಲೇಜುಗಳಲ್ಲಿ ದಿನಾ ಬೆಳಗ್ಗೆ ರಾಷ್ಟ್ರಗೀತೆ ಕಡ್ಡಾಯ ಅಂತ ಆದೇಶ ಮಾಡಿತು. 2023ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದೋದು ಕಡ್ಡಾಯ ಅಂತು. ಎರಡೂ ಒಳ್ಳೆಯ ವಿಷಯವೇ. ಶಾಲೆ ರಾಷ್ಟ್ರಗೀತೆ ನಡೆಸಲಿ, ಪೀಠಿಕೆ ಓದಿಸಲಿ. ಆದರೆ ಆ ಪೀಠಿಕೆಯಲ್ಲಿ ಏನಿದೆ? ವಿಚಾರ, ಅಭಿವ್ಯಕ್ತಿ, ನಂಬಿಕೆಯ ಸ್ವಾತಂತ್ರ್ಯ ಅಂತ ಇದೆ. ನಂಬಿಕೆಯ ಸ್ವಾತಂತ್ರ್ಯ ಇದೆ ಅಂತ ಗಟ್ಟಿಯಾಗಿ ಓದಿಸಿ, ಐದು ನಿಮಿಷ ಬಿಟ್ಟು ನಂಬಿಕೆಯಿಂದ ಸುಮ್ಮನೆ ನಿಂತ ಮಗುವನ್ನ ಗದರಿಸಿದರೆ, ಮಿಕ್ಕ ಮಕ್ಕಳು ಕಲಿಯೋದೇನು? ದೊಡ್ಡವರು ಓದೋದು ಒಂದು, ಮಾಡೋದು ಇನ್ನೊಂದು ಅನ್ನೋದನ್ನ.

ಸಿನಿಮಾ ಥಿಯೇಟರ್ ಕಥೆ ನೆನಪಿರಬೇಕು. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟೇ ಥಿಯೇಟರಲ್ಲಿ ರಾಷ್ಟ್ರಗೀತೆ ಕಡ್ಡಾಯ ಅಂತ ಹೇಳಿತ್ತು. ಆಮೇಲೆ ಎದ್ದಿಲ್ಲ ಅಂತ ಪಕ್ಕದ ಸೀಟಿನವರೇ ಪೊಲೀಸರಾಗಿ ಜಗಳ ತೆಗೆಯೋದು ಶುರುವಾಯ್ತು. 2018ರ ಜನವರಿ 9ರಂದು ಕೋರ್ಟೇ ಅದನ್ನ ಕಡ್ಡಾಯ ಅಲ್ಲ ಅಂತ ಬದಲಾಯಿಸಿತು. ಅಮೆರಿಕದಲ್ಲೂ ಹೀಗೇ ಆಗಿದೆ. ಶಾಲಾ ಮಕ್ಕಳು ಬಾವುಟಕ್ಕೆ ಸೆಲ್ಯೂಟ್ ಮಾಡಲೇಬೇಕು ಅಂತ 1940ರಲ್ಲಿ ಒಪ್ಪಿದ್ದ ಅಲ್ಲಿನ ಸುಪ್ರೀಂ ಕೋರ್ಟು, ಮೂರೇ ವರ್ಷಕ್ಕೆ, 1943ರಲ್ಲಿ, ಎರಡನೇ ಮಹಾಯುದ್ಧ ಜೋರಾಗಿ ನಡೀತಿರುವಾಗಲೇ, ಬಲವಂತ ಮಾಡೋ ಹಾಗಿಲ್ಲ ಅಂತ ತನ್ನ ತೀರ್ಪನ್ನ ತಾನೇ ತಿರುಗಿಸಿತು. ಯುದ್ಧದ ಹೊತ್ತಲ್ಲೇ ಅಷ್ಟು ಧೈರ್ಯ ಮಾಡಿದರು. ನಮ್ಮೂರ ಶಾಲೆ ಮೈದಾನದಲ್ಲಿ ಯಾವ ಯುದ್ಧ ನಡೀತಿದೆ?

ಡೇರಿ ಹತ್ರ ಕೇಳಿದ ಪ್ರಶ್ನೆಗಳಿಗೆ ಬರ್ತೀನಿ.

ಒಬ್ಬರು ಹೇಳಿದ್ದು, "ಇವತ್ತು ಒಂದು ಮಗುವನ್ನ ಬಿಟ್ಟರೆ ನಾಳೆ ಎಲ್ಲರೂ ಹಾಡಲ್ಲ ಅಂತಾರೆ." 1986ರ ತೀರ್ಪು ಬಂದು ಎಷ್ಟು ವರ್ಷ ಆಯ್ತು? ಅವತ್ತಿಂದ ಇವತ್ತಿನವರೆಗೂ ಹಾಡದೆ ನಿಲ್ಲೋ ಹಕ್ಕು ಎಲ್ಲಾ ಮಕ್ಕಳಿಗೂ ಇದೆ. ಯಾವ ಶಾಲೇಲಿ ಹಾಡು ನಿಂತಿದೆ ಹೇಳಿ. ಮಕ್ಕಳಿಗೆ ಹಾಡೋದು ಇಷ್ಟ. ಮನೇಲಿ ತೆಲುಗು ಮಾತಾಡೋ ನಮ್ಮ ಮಕ್ಕಳು ಆ ಹಾಡನ್ನ ಎಷ್ಟು ಚೆನ್ನಾಗಿ ಹೇಳ್ತಾರೆ ನೋಡಿದೀರಲ್ಲ.

ಇನ್ನೊಬ್ಬರು, "ಗಡೀಲಿ ಯೋಧರು ಪ್ರಾಣ ಕೊಡ್ತಾರೆ, ಇವರಿಗೆ 52 ಸೆಕೆಂಡ್ ಹಾಡೋಕೆ ಆಗಲ್ವಾ?" ಅಂದರು. ಈ ಮಾತಿಗೆ ತೂಕ ಇದೆ, ಒಪ್ತೀನಿ. ಆದರೆ ಒಂದು ಗಮನಿಸಿ. ನಮ್ಮ ದೇಶದ ಸೈನ್ಯಕ್ಕೆ ಬಲವಂತದ ಭರ್ತಿ ಇಲ್ಲ. ಯಾರನ್ನೂ ಮನೆಯಿಂದ ಎಳೆದುಕೊಂಡು ಹೋಗಿ ಬಂದೂಕು ಕೊಡಲ್ಲ. ನಮ್ಮೂರಿನ ಹುಡುಗರು ತಾವಾಗಿ ಓಡಿ, ಹಾರಿ, ಪರೀಕ್ಷೆ ಬರೆದು ಸೇರ್ತಾರೆ. ಅದಕ್ಕೇ ಅವರಿಗೆ ನಾವು ತಲೆ ಬಾಗೋದು. ಪ್ರಾಣ ಕೊಡೋ ಕೆಲಸಕ್ಕೇ ಬಲವಂತ ಮಾಡದ ದೇಶ, ಹಾಡು ಹೇಳೋಕೆ ಮಗುವಿನ ಕಿವಿ ಹಿಂಡಬೇಕಾ?

ಮೂರನೆಯವರು, "ಸರ್ಕಾರದ ಊಟ, ಹಾಲು, ಮೊಟ್ಟೆ, ಪುಸ್ತಕ ಎಲ್ಲಾ ಬೇಕು, ಹಾಡು ಮಾತ್ರ ಬೇಡವಾ?" ಅಂದರು. ಆ ಹಾಲು ನಾವೇ ಡೇರಿಗೆ ಹಾಕಿದ್ದು. ಆ ಮಗುವಿನ ಅಪ್ಪ ಅಮ್ಮನೂ ಸೋಪಿಂದ ಸಿಮೆಂಟಿನ ತನಕ ಏನೇ ಕೊಂಡರೂ ತೆರಿಗೆ ಕಟ್ತಾರೆ. ಶಾಲೆ ಊಟ ಭಿಕ್ಷೆ ಅಲ್ಲ, ಋಣ ತೀರಿಸಿ ಅಂತ ಹಾಡಿಸೋಕೆ. ಈ ಲೆಕ್ಕ ಒಪ್ಪಿಕೊಂಡರೆ ನಾಳೆ ನಮಗೇ ತಿರುಗುತ್ತೆ. ಸಬ್ಸಿಡಿ ಬೀಜ ತಗೊಂಡಿದೀಯ, ಬೆಳೆ ಪರಿಹಾರ ತಗೊಂಡಿದೀಯ, ಸರ್ಕಾರದ ವಿರುದ್ಧ ಯಾಕೆ ಕೂಗ್ತೀಯ ಅಂತಾರೆ.

ಅಂದ ಹಾಗೆ, ಕೂಗೋ ವಿಷಯಕ್ಕೆ ನಾವೇ ಸಾಕ್ಷಿ. 2016ರ ಮಾರ್ಚ್ ನೆನಪಿದೆಯಲ್ಲ. ಶಾಶ್ವತ ನೀರಾವರಿ ಬೇಕು ಅಂತ ಚಿಕ್ಕಬಳ್ಳಾಪುರ, ಕೋಲಾರದ ರೈತರು ಟ್ರ್ಯಾಕ್ಟರ್ ಕಟ್ಕೊಂಡು ಬೆಂಗಳೂರಿಗೆ ಹೊರಟಾಗ ಪೊಲೀಸರು ಅಡ್ಡ ನಿಂತರು, ಲಾಠಿ ಬೀಸಿದರು. ಸಾವಿರ ಅಡಿ ಕೊರೆದರೂ ನೀರಿಲ್ಲ ಅಂತ ಹೇಳೋಕೆ ಹೋದವರು ಕಾನೂನು ಸುವ್ಯವಸ್ಥೆಯ ಸಮಸ್ಯೆ ಆಗಿಬಿಟ್ಟೆವು. 2020ರಲ್ಲಿ ದೆಹಲಿ ಗಡೀಲಿ ಕೂತ ರೈತರನ್ನ ದೇಶದ್ರೋಹಿಗಳು ಅಂದವರೂ ಇದ್ದರು. ಹಸಿರು ಶಾಲು ಹಾಕಿದವರಿಗೆ ಈ ಪದದ ರುಚಿ ಗೊತ್ತು. ಅದನ್ನ ನಾವು ಹನ್ನೆರಡು ವರ್ಷದ ಮಗುವಿನ ಮೇಲೆ ಎಸೆಯೋದಾ?

ರೇಷ್ಮೆ ಮಾಡುವವರಿಗೆ ಒಂದು ಮಾತು ಹೇಳಿದರೆ ಬೇಗ ಅರ್ಥ ಆಗುತ್ತೆ. ಹುಳ ಜ್ವರಕ್ಕೆ ಕೂತಾಗ ತಲೆ ಎತ್ತಿ ಅಲ್ಲಾಡದೆ ಇರುತ್ತೆ, ಸೊಪ್ಪು ಮುಟ್ಟಲ್ಲ. ಹೊಸಬರು ಗಾಬರಿಯಾಗಿ ಮೇಲೆ ಸೊಪ್ಪು ಸುರೀತಾರೆ. ಗೊತ್ತಿದ್ದವರು ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಹುಳದ ಮನೆ ಸದ್ದಿಲ್ಲದೆ ಬಿಡ್ತಾರೆ. ಹುಳಕ್ಕೆ ಸೊಪ್ಪಿನ ಮೇಲೆ ದ್ವೇಷ ಅಂತ ಯಾರಾದರೂ ಅಂತೀವಾ? ಒಳಗೆ ಏನೋ ನಡೀತಿದೆ, ಅದು ನಮಗೆ ಕಾಣಲ್ಲ, ಅಷ್ಟೆ. ಮಗುವಿನ ಮನಸ್ಸೂ ಹಾಗೇ. ಅಪ್ಪ ಅಮ್ಮ ಒಂದು ಹೇಳ್ತಾರೆ, ಶಾಲೆ ಒಂದು ಹೇಳುತ್ತೆ, ನಡುವೆ ಅದು ತನ್ನ ದಾರಿ ಹುಡುಕ್ತಿರುತ್ತೆ. ದೊಡ್ಡದಾದ ಮೇಲೆ ಹಾಡಬಹುದು, ಹಾಡದೇ ಇರಬಹುದು. ಆದರೆ ಈಗ ಊರೆಲ್ಲ ಸೇರಿ ಹೆದರಿಸಿದರೆ, ಆ ಹಾಡು ಕೇಳಿದಾಗಲೆಲ್ಲ ಅದಕ್ಕೆ ಜೀವನಪೂರ್ತಿ ನೆನಪಾಗೋದು ನಮ್ಮ ಮುಖಗಳು.

ನಮ್ಮ ತಾಲ್ಲೂಕು ಇನ್ನೊಬ್ಬರನ್ನೂ ಕೊಟ್ಟಿದೆ, ಹೊಸೂರಿನ ಡಾ. ಎಚ್. ನರಸಿಂಹಯ್ಯನವರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದವರು, ಖಾದಿ ಬಿಟ್ಟು ಬೇರೆ ಬಟ್ಟೆ ಹಾಕದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು. ಅವರ ದೇಶಭಕ್ತಿಗೆ ಯಾರೂ ಸರ್ಟಿಫಿಕೇಟ್ ಕೊಡಬೇಕಾಗಿಲ್ಲ. ಅದೇ ಮನುಷ್ಯ ಜೀವನಪೂರ್ತಿ ಮಕ್ಕಳಿಗೆ ಹೇಳಿಕೊಟ್ಟಿದ್ದು, ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಅಂತ. ದೇಶಕ್ಕಾಗಿ ಜೈಲಿಗೆ ಹೋಗೋದಕ್ಕೂ ಪ್ರಶ್ನೆ ಕೇಳೋದಕ್ಕೂ ಅವರಿಗೆ ವಿರೋಧ ಕಾಣಲಿಲ್ಲ. ಅವರ ಊರಿನ ಸುತ್ತಮುತ್ತ ಇರೋ ನಮಗೆ ಯಾಕೆ ಕಾಣಬೇಕು?

ಶನಿವಾರದ ಸಭೆಗೆ ನನ್ನ ಸಲಹೆ ಹೀಗಿದೆ. ರಾಷ್ಟ್ರಗೀತೆ ದಿನಾ ನಡೆಯಲಿ, ಅದರ ಅರ್ಥವನ್ನ ಕನ್ನಡದಲ್ಲೂ ಬೇಕಾದರೆ ತೆಲುಗಲ್ಲೂ ಮಕ್ಕಳಿಗೆ ಹೇಳಲಿ. ಎಲ್ಲರೂ ಎದ್ದು ಶಿಸ್ತಾಗಿ ನಿಲ್ಲಲಿ. ಹಾಡದೆ ನಿಂತ ಮಗುವನ್ನ ಯಾರೂ ಪ್ರಶ್ನೆ ಮಾಡೋದು ಬೇಡ, ಬೇರೆ ಸಾಲಲ್ಲಿ ನಿಲ್ಲಿಸೋದೂ ಬೇಡ. ಶಾಲೆ ಆವರಣದಲ್ಲಿ ಮಕ್ಕಳ ವಿಡಿಯೋ ಮಾಡಿ ಗ್ರೂಪಿಗೆ ಹಾಕೋದನ್ನ ಮಾತ್ರ ಸಮಿತಿ ಖಡಾಖಂಡಿತವಾಗಿ ನಿಲ್ಲಿಸಲಿ, ಆ ವಿಡಿಯೋ ಇಟ್ಕೊಂಡವರು ಅಳಿಸಲಿ. ಏಪ್ರಿಲ್ 25 ಬೇಸಿಗೆ ರಜದಲ್ಲಿ ಬರೋದರಿಂದ ಮಕ್ಕಳಿಗೆ ವಿದುರಾಶ್ವತ್ಥ ತಪ್ಪಿಹೋಗುತ್ತೆ. ಆಗಸ್ಟ್ 15 ಆದ ಮೇಲೆ ಒಂದು ದಿನ ಎಲ್ಲಾ ಮಕ್ಕಳನ್ನೂ ಕರ್ಕೊಂಡು ಹೋಗೋಣ, ಆ ಮಗುವನ್ನೂ ಸೇರಿಸಿ. ಬಾಡಿಗೆ ವ್ಯಾನಿನ ಖರ್ಚಲ್ಲಿ ಅರ್ಧ ನಾನು ಕೊಡ್ತೀನಿ, ಮಿಕ್ಕಿದ್ದು ಡೇರಿ ಕಡೆಯವರು ಸೇರಿ ಹಾಕಿ. ಅಲ್ಲಿ ಯಾಕೆ ಗುಂಡು ಹಾರಿತು, ನಮ್ಮವರು ಏನು ಕೇಳಿದ್ದರು ಅಂತ ಮೇಷ್ಟ್ರು ಹೇಳಲಿ.

ಸಭೆ ಬೆಳಗ್ಗೆ 11ಕ್ಕೆ. ಕಳೆ ತೆಗೆಯೋ ಕೆಲಸ ಇದೆ, ನನಗೂ ಇದೆ. ಆದರೂ ಎರಡು ಗಂಟೆ ಬಿಡುವು ಮಾಡ್ಕೊಂಡು ಬನ್ನಿ. ಕೂಗೋರು ನಾಲ್ಕೇ ಜನ ಇದ್ದು, ಮಿಕ್ಕವರು ಹೊಲದಲ್ಲಿ ಉಳಿದರೆ ಆ ನಾಲ್ಕು ಜನರ ಮಾತೇ ಊರಿನ ತೀರ್ಮಾನ ಅಂತ ಪುಸ್ತಕದಲ್ಲಿ ಬರೆದುಬಿಡ್ತಾರೆ. ನನ್ನ ಮಾತು ಒಪ್ಪದವರೂ ಬನ್ನಿ, ಅಲ್ಲೇ ಎದುರಿಗೆ ಹೇಳಿ, ಕೇಳಿಸ್ಕೊಳ್ತೀನಿ.